ದಾದಿಯ ವಿಧೇಯತೆ, ದಾದಿಯ ವಿವೇಕ

ವೈದ್ಯನು ಬಂದು ನೋಡಿಹೋಗುವುದು ಕೆಲವೇ ನಿಮಿಷಗಳಾದುದರಿಂದ, ರೋಗಿಯ ಉಸಿರಿನ ಗತಿ, ನಾಡಿಯ ಏರಿಳಿತ, ಮುಖದ ವರ್ಣಭೇದಗಳನ್ನು ಹಗಲಿರುಳೂ ಗಮನಿಸತಕ್ಕ ಹೊಣೆ ದಾದಿಯದೆಂದರಿತ ಫ್ಲಾರೆನ್ಸ್ ನೈಟಿಂಗೇಲರು, 1859ರಲ್ಲಿ ಪ್ರಕಟವಾದ ತಮ್ಮ ಶುಶ್ರೂಷಾಗ್ರಂಥದಲ್ಲಿ ರೋಗಿಯ ಅವಲೋಕನಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಆದರೆ ಕಂಡುದನ್ನು ಅರುಹುವುದು ಬೇರೆ, ಕಂಡುದರ ಮೇಲೆ ತಾನೇ ನಿರ್ಣಯ ಕೈಕೊಳ್ಳುವುದು ಬೇರೆ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ರಚಿತವಾಗಿ ನೈಟಿಂಗೇಲರ ಹೆಸರನ್ನೇ ಧರಿಸಿದ ಪ್ರತಿಜ್ಞೆಯು, ಹಾನಿಕರವಾದ ಮದ್ದನ್ನು ತಿಳಿದು ತಿಳಿದು ಕೊಡೆನೆಂಬ ವಚನವನ್ನೂ ವೈದ್ಯನ ಕಾರ್ಯದಲ್ಲಿ ನಿಷ್ಠೆಯಿಂದ ನೆರವಾಗುವೆನೆಂಬ ವಚನವನ್ನೂ ಒಂದೇ ಉಸಿರಿನಲ್ಲಿ ಆಡಿಸಿತು. ಅವೆರಡೂ ಪರಸ್ಪರ ವಿರೋಧಿಸಿದಲ್ಲಿ ಯಾವುದು ಮೇಲೆಂಬುದನ್ನು ಹೇಳದೆ ಬಿಟ್ಟಿತು.

ಆ ಮೌನದ ಬೆಲೆಯನ್ನು 1929ರಲ್ಲಿ ತೆತ್ತವಳು ಫಿಲಿಪ್ಪೀನ್ಸಿನ ಮನಿಲಾ ನಗರದ ಲೊರೆಂಜಾ ಸೊಮೆರಾ ಎಂಬ ದಾದಿ. ಟಾನ್ಸಿಲ್ ಶಸ್ತ್ರಚಿಕಿತ್ಸೆಯೊಂದರಲ್ಲಿ ಪ್ರೊಕೇನ್ ಬಳಸಬೇಕಾದೆಡೆ, ಶಸ್ತ್ರವೈದ್ಯನು ಅಡ್ರಿನಲಿನ್ ಬೆರೆಸಿದ ಶೇಕಡ 10ರ ಕೊಕೇನನ್ನು ಸಿದ್ಧಪಡಿಸಲು ಆಜ್ಞಾಪಿಸಿದನು, ಅವಳು ಆ ಆಜ್ಞೆಯನ್ನು ಮತ್ತೊಮ್ಮೆ ಕೇಳಿ ದೃಢಪಡಿಸಿಕೊಂಡು ಮದ್ದನ್ನು ಒದಗಿಸಿದಳು, ಚುಚ್ಚಿದವನು ವೈದ್ಯನೇ. ರೋಗಿಗೆ ಸೆಳವು ಬಂದು ಪ್ರಾಣ ಹೋಯಿತು. ನ್ಯಾಯಾಲಯವು ವೈದ್ಯನನ್ನು ನಿರಪರಾಧಿಯೆಂದು ಬಿಟ್ಟು, ದಾದಿಗೆ ಒಂದು ವರ್ಷದ ಸೆರೆವಾಸವನ್ನು ವಿಧಿಸಿತು. ದೇಶದೇಶಗಳ ದಾದಿಯರು ಪ್ರತಿಭಟಿಸಿದುದರಿಂದ ಅವಳಿಗೆ ಕ್ಷಮಾದಾನ ದೊರೆತು ಸೆರೆವಾಸ ತಪ್ಪಿತು.

ಈ ತೀರ್ಪು ಅನ್ಯಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆಜ್ಞಾಪಾಲನೆಯನ್ನೇ ಪರಮಗುಣವೆಂದು ಬೋಧಿಸಿದ ಕಾಲವೇ, ಪಾಲಿಸಿದುದಕ್ಕಾಗಿ ಅವಳನ್ನು ದಂಡಿಸಿತು. ಆದರೂ ಅದರಲ್ಲಿ ಅಡಗಿರುವ ಪಾಠ ಕಠೋರವಾದದ್ದು. ಸೊಮೆರಾ ಸಂಶಯಕ್ಕೆಡೆಗೊಡದಂತೆ ಎರಡನೆಯ ಸಲ ಕೇಳಿದ್ದಳು, ಎಂದರೆ ಎಚ್ಚರಕ್ಕೆ ಕೊರತೆಯಿರಲಿಲ್ಲ. ಆದರೆ ಅಷ್ಟು ತೀಕ್ಷ್ಣವಾದ ಕೊಕೇನನ್ನು ಅಂಗಾಂಶದೊಳಗೆ ಚುಚ್ಚಿದರೆ ಮರಣ ಸಂಭವಿಸೀತೆಂಬ ಔಷಧಜ್ಞಾನವುಳ್ಳವಳು ಮಾತ್ರ ಕೊಡೆನೆಂದು ಹೇಳಬಲ್ಲಳು. ಧರ್ಮಬುದ್ಧಿಗೆ ಈ ಬಗೆಯ ವಿದ್ಯೆಯ ಬೆಂಬಲವಿಲ್ಲದಿದ್ದರೆ, ರೋಗಿಯ ಪಕ್ಕದಲ್ಲಿ ಅದು ನಿರಾಯುಧವಾಗಿ ನಿಲ್ಲುತ್ತದೆ.

ದಾದಿಯರ ಅಂತರರಾಷ್ಟ್ರೀಯ ಪರಿಷತ್ತು 1953ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯು ವೈದ್ಯನ ಆಜ್ಞೆಯನ್ನು ಬುದ್ಧಿಪೂರ್ವಕವಾಗಿಯೂ ನಿಷ್ಠೆಯಿಂದಲೂ ನೆರವೇರಿಸಬೇಕೆಂದಿತು, ಅನೀತಿಯ ಕಾರ್ಯಗಳಲ್ಲಿ ಪಾಲ್ಗೊಳ್ಳಬಾರದೆಂದೂ ವಿಧಿಸಿತು. 1973ರ ಪರಿಷ್ಕರಣದಲ್ಲಿ ಆಜ್ಞಾಪಾಲನೆಯ ಮಾತು ಬಿಟ್ಟುಹೋಗಿ, ಶುಶ್ರೂಷೆಯ ಅಗತ್ಯವುಳ್ಳ ಜನರಿಗೇ ದಾದಿಯು ಮೊದಲು ಹೊಣೆಗಾರಳೆಂಬ ವಿಧಿ ಆ ಸಂಹಿತೆಯನ್ನು ಸೇರಿತು.