ವಾರಕ್ಕೊಂದು ಚಿತ್ರ, ಕೂಡಿ ಕುಳಿತು ಮಾತು: ಚಿತ್ರ ಸಮಾಜ ಎಂದರೇನು, ನಡೆಸುವುದು ಹೇಗೆ?

ಬೀದರ್: ಸಿನಿಮಾ ನೋಡುವವರಿಗೆ ನಮ್ಮಲ್ಲಿ ಬರವಿಲ್ಲ. ನೋಡಿದ್ದನ್ನು ಕುರಿತು ಕುಳಿತು ಮಾತನಾಡುವ ಜಾಗಗಳಿಗೆ ಮಾತ್ರ ಬರ. ಚಿತ್ರಮಂದಿರದಿಂದ ಹೊರಬಂದವರು ‘ಚೆನ್ನಾಗಿದೆ’, ‘ಬೋರು’ ಎಂಬ ಎರಡು ಮಾತಿನಲ್ಲಿ ವಿಷಯ ಮುಗಿಸುತ್ತಾರೆ. ಮೊಬೈಲ್‌ನಲ್ಲಿ ನೋಡುವವರಿಗೆ ಆ ಎರಡು ಮಾತಿಗೂ ಜೊತೆಗಾರರಿಲ್ಲ. ಈ ಕೊರತೆಯನ್ನು ತುಂಬಲೆಂದೇ ಹುಟ್ಟಿದ್ದು ಚಿತ್ರ ಸಮಾಜ. ಬೀದರ್ ನಗರ, ಭಾಲ್ಕಿ, ಔರಾದ್‌ನಂತಹ ಊರುಗಳಲ್ಲಿ ನಾಲ್ಕಾರು ಗೆಳೆಯರು ಸೇರಿ ಇದನ್ನು ನಡೆಸಬಹುದೇ? ನಡೆಸಬಹುದು ಎನ್ನುವುದಕ್ಕೆ ಕರ್ನಾಟಕದ ಒಂದು ಹಳ್ಳಿಯೇ ಸಾಕ್ಷಿ.

ಏನಿದು ಚಿತ್ರ ಸಮಾಜ?

ಲಾಭದ ಉದ್ದೇಶವಿಲ್ಲದೆ, ಸದಸ್ಯರಷ್ಟೇ ಸೇರಿ ಒಳ್ಳೆಯ ಚಿತ್ರಗಳನ್ನು ನೋಡುವ ಹಾಗೂ ಚರ್ಚಿಸುವ ಕೂಟವೇ ಚಿತ್ರ ಸಮಾಜ ಅಥವಾ ಫಿಲ್ಮ್ ಸೊಸೈಟಿ. 1925ರಲ್ಲಿ ಲಂಡನ್‌ನಲ್ಲಿ ಆರಂಭವಾದ ಫಿಲ್ಮ್ ಸೊಸೈಟಿ ಇಂತಹ ಕೂಟಗಳಿಗೆ ಮಾದರಿಯಾಯಿತು. ಭಾರತದಲ್ಲಿ 1947ರಲ್ಲಿ ಸತ್ಯಜಿತ್ ರೇ, ಚಿದಾನಂದ ದಾಸ್‌ಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. ರೇ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ ತೆರೆಗೆ ಬಂದಿದ್ದು 1955ರಲ್ಲಿ. ಅಂದರೆ, ಚಿತ್ರ ಮಾಡುವುದಕ್ಕೆ ಮೊದಲು ಅವರು ಗೆಳೆಯರೊಂದಿಗೆ ಚಿತ್ರ ನೋಡಿ ಮಾತನಾಡುವುದನ್ನು ರೂಢಿಸಿಕೊಂಡಿದ್ದರು ಎಂಬುದು ಗಮನಾರ್ಹ. 1959ರಲ್ಲಿ ಚಿತ್ರ ಸಮಾಜಗಳ ರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರೂ ರೇ ಅವರೇ.

ಕರ್ನಾಟಕದಲ್ಲಿ 1971ರಲ್ಲಿ ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಆರಂಭವಾಯಿತು. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಚಿತ್ರಗಳು ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಕಾಲವದು. ಹೊಸ ಅಲೆಯ ಚಿತ್ರಗಳು ಮತ್ತು ಅವನ್ನು ಎದುರುಗೊಳ್ಳುವ ಪ್ರೇಕ್ಷಕರು ಒಟ್ಟೊಟ್ಟಿಗೇ ರೂಪುಗೊಂಡರು.

ಹೆಗ್ಗೋಡಿನ ಪಾಠ

ಚಿತ್ರ ಸಮಾಜ ನಗರದ ವಿದ್ಯಾವಂತರ ಹವ್ಯಾಸ ಎಂಬ ನಂಬಿಕೆಯನ್ನು ಒಡೆದಿದ್ದು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಂ ರಂಗಸಂಸ್ಥೆಯ ಅಂಗವಾಗಿ ಕೆ.ವಿ. ಸುಬ್ಬಣ್ಣ ಅವರು 1973ರಲ್ಲಿ ಇಲ್ಲಿ ಚಿತ್ರ ಸಮಾಜ ಆರಂಭಿಸಿದರು. ಅಡಿಕೆ ತೋಟಗಳ ನಡುವಿನ ಈ ಹಳ್ಳಿಯ ಜನ ‘ಪಥೇರ್ ಪಾಂಚಾಲಿ’, ಇಟಲಿಯ ‘ಬೈಸಿಕಲ್ ಥೀವ್ಸ್’, ಜಪಾನಿನ ‘ರಾಶೋಮನ್’ನಂತಹ ಚಿತ್ರಗಳನ್ನು ನೋಡಿದರು. ಭಾಷೆ ತಿಳಿಯದಿದ್ದರೂ ಚಿತ್ರ ತಿಳಿಯಿತು. ಏಕೆಂದರೆ ಪ್ರದರ್ಶನದ ಆಚೀಚೆ ವಿವರಣೆ ಮತ್ತು ಮಾತುಕತೆ ಇರುತ್ತಿತ್ತು. ಚಲನಚಿತ್ರ ರಸಗ್ರಹಣ ಶಿಬಿರಗಳೂ ನಡೆದವು. 1983ರಿಂದ 1985ರವರೆಗೆ ‘ಜನಸ್ಪಂದನ’ ಯೋಜನೆಯ ಮೂಲಕ ಈ ಪ್ರಯೋಗ ನಾಡಿನ ಇತರ ಊರುಗಳಿಗೂ ಹಬ್ಬಿತು. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಆಗ ಒಂದು ಚಿತ್ರ ತರಿಸುವುದೆಂದರೆ ಸಾಹಸ. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಂತಹ ಕಡೆಗಳಿಂದ ರೀಲಿನ ಡಬ್ಬಿಗಳು ಬರಬೇಕು, ಪ್ರೊಜೆಕ್ಟರ್ ಬೇಕು, ಕರೆಂಟ್ ಇರಬೇಕು. ಇಂದು ಈ ಯಾವ ತೊಡಕೂ ಮೊದಲಿನಂತೆ ಉಳಿದಿಲ್ಲ. ಚಿತ್ರ ಸುಲಭವಾಗಿ ಸಿಗುತ್ತದೆ. ಸಿಗದಿರುವುದು ಕೂಡಿ ಕೂರುವ ಎರಡು ಗಂಟೆ. ಹೆಗ್ಗೋಡಿನಿಂದ ಕಲಿಯಬೇಕಾದ ಪಾಠ ಇದೇ: ಚಿತ್ರ ಸಮಾಜ ನಿಲ್ಲುವುದು ಸಲಕರಣೆಯ ಮೇಲಲ್ಲ, ಮಾತಿನ ಮೇಲೆ.

ಬೀದರ್‌ಗೆ ಇದು ಏಕೆ?

ಬೆಂಗಳೂರಿನಿಂದ ಬೀದರ್ ಸುಮಾರು 700 ಕಿ.ಮೀ. ದೂರ, ಹೈದರಾಬಾದ್ ಕೇವಲ 140 ಕಿ.ಮೀ. ಆಸುಪಾಸು. ರಾಜಧಾನಿಯ ಚಿತ್ರೋತ್ಸವಕ್ಕೆ ಹೋಗಿಬರುವುದೇ ಇಲ್ಲಿಯವರಿಗೆ ಒಂದು ಪ್ರವಾಸ. ಆದರೆ ಈ ಜಿಲ್ಲೆಗೆ ಬೇರೆಡೆ ಇಲ್ಲದ ಒಂದು ಅನುಕೂಲವಿದೆ. ಇಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಒಂದೇ ಓಣಿಯಲ್ಲಿ ಕೇಳಿಸುತ್ತವೆ. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬೀದರ್ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಕೂಡಿ ಕುಳಿತು ವಿಚಾರ ಮಾಡುವುದಂತೂ ಬಸವಕಲ್ಯಾಣದ ನೆಲಕ್ಕೆ ಹೊಸದಲ್ಲ.

ಹೈದರಾಬಾದ್ ರಾಜ್ಯದ ಕೊನೆಯ ದಿನಗಳನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಒಬ್ಬೊಬ್ಬರ ನೆನಪು ಒಂದೊಂದು ಬಗೆ. ‘ಆ ಕಾಲದ ಬಗ್ಗೆ ಹೇಳಿ’ ಎಂದು ನೇರವಾಗಿ ಕೇಳಿದರೆ ಮೌನವಾಗುವ ಹಿರಿಯರು, ಒಂದು ಚಿತ್ರದ ನೆಪದಲ್ಲಿ ಮಾತಿಗೆ ತೊಡಗಬಹುದು. ಬೇರೆ ಬೇರೆ ಸಮುದಾಯದವರು ಒಬ್ಬರ ನೆನಪನ್ನು ಮತ್ತೊಬ್ಬರು ಕೇಳಿಸಿಕೊಳ್ಳುವುದಕ್ಕೂ ಚಿತ್ರ ಒಂದು ನೆಲೆಯಾಗಬಲ್ಲದು. ಇದಕ್ಕೆ ಉಳಿದಿರುವ ಕಾಲಾವಕಾಶ ದೊಡ್ಡದಲ್ಲ.

ಯಾವ ಚಿತ್ರಗಳಿಂದ ಆರಂಭ?

ಮೊದಲ ಚಿತ್ರವಾಗಿ ಎಂ.ಎಸ್. ಸತ್ಯು ಅವರ ‘ಬರ’ವನ್ನು ಹೆಸರಿಸಬಹುದು. ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿ 1980ರ ದಶಕದ ಆರಂಭದಲ್ಲಿ ಬಂದ ಈ ಚಿತ್ರದ ಚಿತ್ರೀಕರಣ ನಡೆದಿದ್ದು ಬೀದರ್ ಭಾಗದಲ್ಲೇ. ಜಿಲ್ಲೆಯನ್ನು ಬರಪೀಡಿತವೆಂದು ಘೋಷಿಸಲು ಹೆಣಗುವ ಯುವ ಜಿಲ್ಲಾಧಿಕಾರಿ (ಅನಂತನಾಗ್) ರಾಜಕೀಯದ ಸುಳಿಗೆ ಸಿಲುಕುವುದು ಇದರ ವಸ್ತು. ಹೊರಗಿನವರ ಕ್ಯಾಮೆರಾ ನಮ್ಮ ನೆಲವನ್ನು ಕಂಡ ಬಗೆ ಸರಿಯೇ ಎಂದು ಹೇಳಬೇಕಾದವರು ಈ ನೆಲದವರೇ ಅಲ್ಲವೇ?

ಶ್ಯಾಮ್ ಬೆನಗಲ್ ಅವರ ‘ಅಂಕುರ್’ (1974) ತೆಲಂಗಾಣದ ಹಳ್ಳಿಯೊಂದರ ಜಮೀನ್ದಾರಿಯ ಕಥೆ. ಅದರ ದಖನಿ ಮಾತು ಬೀದರ್ ಪೇಟೆಯ ಮಾತಿಗೆ ಹತ್ತಿರ. ಗೌತಮ್ ಘೋಷ್ ಅವರ ತೆಲುಗು ಚಿತ್ರ ‘ಮಾ ಭೂಮಿ’ (1979) ನಿಜಾಮ್ ಆಡಳಿತದ ಕೊನೆಯ ವರ್ಷಗಳ ರೈತ ಹೋರಾಟವನ್ನು ತೋರಿಸುತ್ತದೆ. ಸೊಲ್ಲಾಪುರ ಜಿಲ್ಲೆಯವರಾದ ನಾಗರಾಜ ಮಂಜುಳೆ ಅವರ ಮರಾಠಿ ಚಿತ್ರ ‘ಫಂಡ್ರಿ’ (2013) ಜಾತಿಯ ಅವಮಾನ ಉಣ್ಣುವ ಹುಡುಗನ ಕಥೆ. ಮರಾಠಿ ಬಲ್ಲವರು ಹೆಚ್ಚಿರುವ ಔರಾದ್, ಭಾಲ್ಕಿಗಳಲ್ಲಿ ಅನುವಾದದ ಹಂಗಿಲ್ಲದೆ ತಲುಪಬಲ್ಲದು. ವೈದೇಹಿ ಅವರ ಕಥೆಯಿಂದ ಗಿರೀಶ ಕಾಸರವಳ್ಳಿ ರೂಪಿಸಿದ ‘ಗುಲಾಬಿ ಟಾಕೀಸ್’ (2008) ಚಿತ್ರದಲ್ಲಿ ಸೂಲಗಿತ್ತಿಯೊಬ್ಬಳ ಮನೆಗೆ ಟಿ.ವಿ. ಬಂದು, ಓಣಿಯ ಹೆಂಗಸರು ಅಲ್ಲಿ ನೆರೆಯುತ್ತಾರೆ. ಕೂಡಿ ನೋಡುವುದರಿಂದ ಆಗುವುದೇನು, ಆಗದಿರುವುದೇನು ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದಿಡುತ್ತದೆ.

ಚಿತ್ರಗಳನ್ನು ಜೋಡಿಯಾಗಿ ಆರಿಸಿಕೊಂಡರೆ ಚರ್ಚೆ ತಾನಾಗಿ ಬೆಳೆಯುತ್ತದೆ. ಉದಾಹರಣೆಗೆ, ‘ಅಂಕುರ್’ ಮತ್ತು ‘ಫಂಡ್ರಿ’ ಎರಡೂ ಕೊನೆಗೊಳ್ಳುವುದು ಹುಡುಗನೊಬ್ಬ ಎಸೆಯುವ ಕಲ್ಲಿನಿಂದ. ಮೊದಲನೆಯದರಲ್ಲಿ ಕಲ್ಲು ಬೀಳುವುದು ಜಮೀನ್ದಾರನ ಮನೆಯ ಕಿಟಕಿಗೆ. ಎರಡನೆಯದರಲ್ಲಿ ಅದು ಬರುವುದು ನೇರವಾಗಿ ನೋಡುಗರತ್ತ. ನಡುವಿನ ನಾಲ್ಕು ದಶಕಗಳಲ್ಲಿ ಕಲ್ಲಿನ ಗುರಿ ಬದಲಾದದ್ದೇಕೆ? ಒಂದು ಸಂಜೆಗೆ ಈ ಪ್ರಶ್ನೆಯೊಂದೇ ಸಾಕು.

ವಾರದ ಕ್ರಮ

ಎಂಟರಿಂದ ಹನ್ನೆರಡು ಜನ ಇದ್ದರೆ ಎಲ್ಲರಿಗೂ ಮಾತನಾಡಲು ಅವಕಾಶ ಸಿಗುತ್ತದೆ. ದಿನ, ವೇಳೆ, ಸ್ಥಳ ಮೂರೂ ಖಚಿತವಾಗಿರಬೇಕು. ಬೀದರ್ ಮತ್ತು ಭಾಲ್ಕಿಗೆ ರೈಲಿದೆ, ಔರಾದ್‌ಗೆ ಇಲ್ಲ. ಆದ್ದರಿಂದ ಮೂರೂ ಊರಿನವರು ಪ್ರತಿವಾರ ಒಂದೆಡೆ ಸೇರುವ ಬದಲು ಆಯಾ ಊರಿನಲ್ಲೇ ಸೇರಿ, ತಿಂಗಳಿಗೊಮ್ಮೆ ಒಟ್ಟಾಗುವುದು ಲೇಸು. ವಾರದ ಚಿತ್ರವನ್ನು ಸದಸ್ಯರು ಸರದಿಯಂತೆ ಆರಿಸಬೇಕು. ಆರಿಸಿದವರು ಐದು ನಿಮಿಷ ಹಿನ್ನೆಲೆ ಹೇಳಿ ಸುಮ್ಮನಾಗಬೇಕು. ಅಂದಿನ ಕೊನೆಯ ಮಾತು ಮಾತ್ರ ಅವರದು.

‘ಇಷ್ಟವಾಯಿತು’, ‘ಆಗಲಿಲ್ಲ’ ಎನ್ನುವ ಮೊದಲು ಪ್ರತಿಯೊಬ್ಬರೂ ಮನಸ್ಸಿನಲ್ಲಿ ಉಳಿದ ಒಂದು ದೃಶ್ಯವನ್ನು ವಿವರಿಸುವುದು ಒಳ್ಳೆಯ ನಿಯಮ. ಕಥೆ ಯಾರ ಕಣ್ಣಿನಿಂದ ಸಾಗುತ್ತದೆ, ಯಾರಿಗೆ ಮಾತೇ ಇಲ್ಲ, ಸಂಗೀತ ಎಲ್ಲಿ ನಿಂತಿತು ಎಂಬ ಪ್ರಶ್ನೆಗಳು ಚರ್ಚೆಗೆ ದಾರಿಯಾಗುತ್ತವೆ. ಅವರವರ ಭಾಷೆಯಲ್ಲಿ ಮಾತನಾಡಲು ಬಿಟ್ಟು, ಒಬ್ಬರು ಕನ್ನಡದಲ್ಲಿ ಸಾರಾಂಶ ಬರೆದಿಟ್ಟರೆ ವರ್ಷದ ಕೊನೆಗೆ ಊರಿನದೇ ಒಂದು ದಾಖಲೆ ಸಿದ್ಧವಾಗುತ್ತದೆ.

ಕಾನೂನಿನ ಗೆರೆ

ಮನೆಯ ಬಳಕೆಗೆ ಪಡೆದ ಓಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿಯಲ್ಲ. ಸಭಾಂಗಣದಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಿಸಿದವರಿಗಷ್ಟೇ ಚಿತ್ರ ತೋರಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಚಲನಚಿತ್ರದ ಹಕ್ಕಿನ ಅವಧಿ, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಈ ತೊಡಕೇ ಬೇಡವೆಂದರೆ ಸರಳ ದಾರಿಯೊಂದಿದೆ: ಎಲ್ಲರೂ ವಾರದೊಳಗೆ ಅವರವರ ಮನೆಯಲ್ಲೇ ಚಿತ್ರ ನೋಡಿ, ಭಾನುವಾರ ಮಾತಿಗಷ್ಟೇ ಸೇರುವುದು. ಮಾತನಾಡುವುದಕ್ಕೆ ಪರವಾನಗಿ ಬೇಕಿಲ್ಲ.

ನಿಂತುಹೋಗುವುದೇಕೆ?

ಇಂತಹ ಕೂಟಗಳು ಹಣದ ಕೊರತೆಯಿಂದ ನಿಲ್ಲುವುದಕ್ಕಿಂತ, ಇಬ್ಬರೇ ಮಾತನಾಡಿ ಉಳಿದವರು ಕೇಳುಗರಾದಾಗ ನಿಲ್ಲುವುದು ಹೆಚ್ಚು. ಚಿತ್ರದ ಆಯ್ಕೆ ಒಬ್ಬರ ಕೈಯಲ್ಲೇ ಉಳಿಯುವುದು, ಮಹಿಳೆಯರಿಗೆ ಹೊಂದದ ವೇಳೆ ಇಡುವುದು, ಒಂದು ವಾರದ ರಜೆ ಮೂರು ವಾರವಾಗುವುದು ಉಳಿದ ಕಾರಣಗಳು. ಜನ ಕಡಿಮೆ ಬಂದ ವಾರವೂ ಕೂಟ ನಡೆಯಲೇಬೇಕು. ಮೂವರಿದ್ದರೂ ಚರ್ಚೆ ಚರ್ಚೆಯೇ. ಮುಂದಿನ ವಾರದ ಚಿತ್ರದ ಹೆಸರು ಹೇಳದೆ ಯಾರೂ ಎದ್ದು ಹೋಗಕೂಡದು. ಆರಂಭಿಸುವವರು ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆತಂದರೆ ಮತ್ತೂ ಒಳ್ಳೆಯದು.