ಕಿಲೋವ್ಯಾಟ್-ಗಂಟೆ

ವಿದ್ಯುತ್ ಬಳಕೆಯನ್ನು ಅಳೆಯುವ ಶಕ್ತಿಯ ಮಾನ. ಕರೆಂಟ್ ಬಿಲ್ಲಿನ ಒಂದು ‘ಯೂನಿಟ್’ ಇದೇ. 1,000 ವ್ಯಾಟ್‌ನ ಉಪಕರಣ ಒಂದು ಗಂಟೆ ಸತತವಾಗಿ ಓಡಿದರೆ ಇಷ್ಟು ಶಕ್ತಿ ಖರ್ಚಾಗುತ್ತದೆ. ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್, ಗಂಟೆಗೆ 3,600 ಸೆಕೆಂಡು. ಆದ್ದರಿಂದ ಒಂದು ಯೂನಿಟ್ 36 ಲಕ್ಷ ಜೂಲ್‌ಗೆ, ಘಾತರೂಪದಲ್ಲಿ 3.6 × 10⁶ ಜೂಲ್‌ಗೆ ಸಮ.

ಯಾಂತ್ರಿಕ ಕೆಲಸಕ್ಕೂ ಶಾಖಕ್ಕೂ ಇರುವ ನಿಶ್ಚಿತ ಪ್ರಮಾಣವನ್ನು 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಅಳೆದು ತೋರಿಸಿದ. ಕೆಳಗಿಳಿಯುವ ತೂಕಗಳಿಂದ ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರಿನ ಉಷ್ಣತೆ ಎಷ್ಟು ಏರಿತೆಂದು ನೋಡಿದ ಅವನ ಪ್ರಯೋಗ ಸರಳತೆಯಲ್ಲೇ ಅಪೂರ್ವವಾದುದು. ಇಂದಿನ ಲೆಕ್ಕದಲ್ಲಿ ಒಂದು ಕ್ಯಾಲೊರಿ 4.184 ಜೂಲ್, ಒಂದು ಯೂನಿಟ್ ಸುಮಾರು 860 ಕಿಲೋಕ್ಯಾಲೊರಿ. ಆಹಾರದ ವಿಷಯದಲ್ಲಿ ಬರಿದೇ ‘ಕ್ಯಾಲೊರಿ’ ಎಂದಾಗ ಸಾಮಾನ್ಯವಾಗಿ ಅದು ಕಿಲೋಕ್ಯಾಲೊರಿ. ಇದನ್ನು ಮರೆತರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ.

ಸ್ನಾನಕ್ಕೆ 20 ಲೀಟರ್ ನೀರನ್ನು 25ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು 400 ಕಿಲೋಕ್ಯಾಲೊರಿ, ಅಂದರೆ 0.47 ಯೂನಿಟ್ ಸಾಕು. ಶಾಖ ಸೋರುವುದರಿಂದ ಮೀಟರು ತುಸು ಹೆಚ್ಚೇ ತೋರಿಸುತ್ತದೆ. ರೈತರ ಪಂಪ್‌ಸೆಟ್ಟಿನ ಲೆಕ್ಕ ಅಶ್ವಶಕ್ತಿಯಲ್ಲಿದೆ. ಒಂದು ಎಚ್‌ಪಿ 746 ವ್ಯಾಟ್. 5 ಎಚ್‌ಪಿ ಮೋಟಾರು ಪೂರ್ಣ ಹೊರೆಯಲ್ಲಿ ಗಂಟೆಗೆ 3.73 ಯೂನಿಟ್ಟಿನಷ್ಟು ಕೆಲಸ ಮಾಡುತ್ತದೆ, ಎಳೆಯುವ ಕರೆಂಟು ಅದಕ್ಕಿಂತ ಜಾಸ್ತಿ.