ನೆಲ್ಸನ್‌ನ ಕುರುಡುಗಣ್ಣು

ಇಂಗ್ಲಿಷಿನಲ್ಲಿ ‘ಟರ್ನ್ ಎ ಬ್ಲೈಂಡ್ ಐ’ ಎಂಬ ನುಡಿಗಟ್ಟಿದೆ. ತಪ್ಪು ಕಣ್ಣೆದುರೇ ನಡೆಯುತ್ತಿದ್ದರೂ ಬೇಕೆಂದೇ ಕಾಣದಂತೆ ಇದ್ದುಬಿಡುವುದು ಎಂದು ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ ‘ಜಾಣಕುರುಡು’ ಎಂಬ ಸೊಗಸಾದ ಮಾತಿದೆ. ನಮ್ಮ ಕುರುಡು ಬರಿಯ ನಟನೆ. ಇಂಗ್ಲಿಷ್ ನುಡಿಗಟ್ಟಿನ ಹಿಂದೆ ಮಾತ್ರ ನಿಜವಾದ ಕುರುಡುಗಣ್ಣೊಂದರ ಕಥೆ ಹೇಳುತ್ತಾರೆ.

ಆ ಕಣ್ಣು ಬ್ರಿಟಿಷ್ ನೌಕಾಪಡೆಯ ಹೊರೇಶಿಯೊ ನೆಲ್ಸನ್‌ನದು. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯ ಮುತ್ತಿಗೆಯಲ್ಲಿ ಅವನ ಬಲಗಣ್ಣಿಗೆ ಪೆಟ್ಟು ಬಿದ್ದು ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ನಿನ ಎದುರು ಡೇನರೊಡನೆ ಯುದ್ಧ ನಡೆದಾಗ ಅವನದು ಎರಡನೆಯ ಸ್ಥಾನ. ಮುಖ್ಯ ದಂಡನಾಯಕ ಸರ್ ಹೈಡ್ ಪಾರ್ಕರ್ ದೂರದಲ್ಲಿದ್ದ. ನೆಲ್ಸನ್‌ನ 12 ದೊಡ್ಡ ಹಡಗುಗಳಲ್ಲಿ ಮೂರು ಮರಳದಿಬ್ಬಕ್ಕೆ ಸಿಕ್ಕಿಕೊಂಡಿದ್ದವು. ಡೇನರ ಫಿರಂಗಿಗಳು ಸುಮ್ಮನಾಗಿರಲಿಲ್ಲ. ಆಗ ಪಾರ್ಕರ್, ಯುದ್ಧ ನಿಲ್ಲಿಸಬೇಕೆಂಬ 39ನೆಯ ಸಂಕೇತದ ಬಾವುಟ ಏರಿಸಿದ. ನೆಲ್ಸನ್ ದುರ್ಬೀನನ್ನು ಕುರುಡುಗಣ್ಣಿಗೆ ಹಿಡಿದು, ತನಗೆ ಸಂಕೇತವೇ ಕಾಣಿಸುತ್ತಿಲ್ಲ ಎಂದನಂತೆ. ಯುದ್ಧ ಮುಂದುವರಿಯಿತು, ಗೆಲುವೂ ದಕ್ಕಿತು. ಮರುತಿಂಗಳು ಪಾರ್ಕರನನ್ನು ವಾಪಸು ಕರೆಸಿಕೊಂಡು ಆ ಪಡೆಯನ್ನು ನೆಲ್ಸನ್‌ಗೇ ಒಪ್ಪಿಸಲಾಯಿತು.

ದುರ್ಬೀನಿನ ಪ್ರಸಂಗವನ್ನು ಎಲ್ಲ ಇತಿಹಾಸಕಾರರೂ ನಂಬುವುದಿಲ್ಲ. ಪಾರ್ಕರನದು ಆಜ್ಞೆಯಲ್ಲ, ಬೇಕಿದ್ದರೆ ಹಿಂದೆ ಸರಿಯಬಹುದೆಂಬ ಅನುಮತಿ ಎನ್ನುವವರೂ ಇದ್ದಾರೆ. ಆದರೆ ಕಥೆ ಜನರ ಬಾಯಲ್ಲಿ ನಿಂತಿತು.

ವಿಚಿತ್ರವೆಂದರೆ, ಕಥೆಯೂ ನುಡಿಗಟ್ಟೂ ಬೇರೆಬೇರೆ ದಾರಿ ಹಿಡಿದಿವೆ. ಕಥೆಯಲ್ಲಿ ಕುರುಡುಗಣ್ಣು ಧೈರ್ಯದ ಗುರುತು: ಸೋತಿದ್ದರೆ ಆಜ್ಞೆ ಮೀರಿದ ಹೊಣೆ ನೆಲ್ಸನ್‌ನ ತಲೆಗೇ ಬರುತ್ತಿತ್ತು. ನುಡಿಗಟ್ಟಿನಲ್ಲಿ ಅದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯ. ಲಂಚ ಕಂಡೂ ಸುಮ್ಮನಿರುವ ಮೇಲಧಿಕಾರಿಗೆ ಇದು ಸಲ್ಲುತ್ತದೆ. ಲಂಚದ ಸುಳಿವೇ ಇಲ್ಲದವನಿಗೆ ಸಲ್ಲದು. ತಿಳಿದಿರಬೇಕು, ತಿಳಿದೂ ಸುಮ್ಮನಿರಬೇಕು. ಆಗಲೇ ಪ್ರಯೋಗ ಸರಿ.

ಅದೇ ದಿನ, ಅದೇ ಬಾವುಟವನ್ನು ಎಡ್ವರ್ಡ್ ರಿಯು ಎಂಬ ಕ್ಯಾಪ್ಟನ್ನನೂ ನೋಡಿದ. ಅವನ ಕೈಕೆಳಗಿದ್ದವು ಚಿಕ್ಕ ಯುದ್ಧನೌಕೆಗಳು. ಅವನು ಆಜ್ಞೆಗೆ ತಲೆಬಾಗಿ ತನ್ನ ‘ಅಮೆಜಾನ್’ ನೌಕೆಯನ್ನು ಹಿಂದಕ್ಕೆ ತಿರುಗಿಸಿದ. ತಿರುಗುವಾಗಲೇ ಫಿರಂಗಿ ಗುಂಡಿಗೆ ಬಲಿಯಾದ. ಕಾಣದವನಂತೆ ನಟಿಸಿದವನ ಹೆಸರು ಭಾಷೆಯೊಂದಿಗೆ ಬೆಸೆದುಕೊಂಡಿತು. ಕಂಡು, ಹೇಳಿದಂತೆ ನಡೆದವನ ಹೆಸರಿನಲ್ಲಿ ಯಾವ ನುಡಿಗಟ್ಟೂ ಹುಟ್ಟಲಿಲ್ಲ.